ಹುಲಿ-ಕುರಿಯ ನಿಯಮ, ಮೊಬೈಲಿನ ರಣರಂಗ

ನಾಗಪುರ ಮೆಟ್ರೊದ ಎರಡು ಮಾರ್ಗಗಳು ಕೂಡುವುದು ಸೀತಾಬರ್ಡಿಯಲ್ಲಿ. ಸಂಜೆ ಅಲ್ಲಿ ಗಾಡಿ ಬದಲಿಸುವ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಬಗೆಯ ಆಟ. ಸುಮಾರು 100 ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ, ಸುರಕ್ಷಿತ ವಲಯ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದವರಿಗೆ ಗೆಲುವು. 2017ರಲ್ಲಿ ಪಬ್‌ಜಿ ಜನಪ್ರಿಯಗೊಳಿಸಿದ ಈ ಮಾದರಿಯನ್ನು ಅನಂತರದವರು ಬಹುಪಾಲು ಹಾಗೆಯೇ ಇಟ್ಟುಕೊಂಡು ವೇಷವನ್ನಷ್ಟೇ ಬದಲಿಸಿದ್ದಾರೆ.

2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಸ್ವದೇಶಿ ಆಟ ಬೇಕೆಂಬ ಕೂಗೆದ್ದಿತು. ಬೆಂಗಳೂರಿನ ಎನ್‌ಕೋರ್ ಸಂಸ್ಥೆ 2021ರ ಗಣರಾಜ್ಯ ದಿನದಂದು ಗಲ್ವಾನ್ ಕಣಿವೆಯ ಹಿನ್ನೆಲೆಯ ‘ಫೌಜಿ’ಯನ್ನು ತಂದಿತು. ಸಮವಸ್ತ್ರ ನಮ್ಮದು, ಹೊಡೆದಾಟದ ನಿಯಮದಲ್ಲಿ ಹೊಸತೇನೂ ನನಗೆ ಕಾಣಲಿಲ್ಲ. 2024ರಲ್ಲಿ ಪುಣೆಯ ಸೂಪರ್‌ಗೇಮಿಂಗ್ ತಂದ ‘ಇಂಡಸ್’ ಒಂದು ಹೆಜ್ಜೆ ಮುಂದಿದೆ. ಅದರಲ್ಲಿ ಕಾಸ್ಮಿಯಂ ಎಂಬ ವಸ್ತುವನ್ನು ವಶಪಡಿಸಿಕೊಂಡವರು ಎದುರಾಳಿಗಳೆಲ್ಲ ಅಳಿಯುವ ಮೊದಲೇ ಗೆಲ್ಲಬಹುದು. ಸಂಗತಿ ಸಣ್ಣದಾದರೂ ಬದಲಾದದ್ದು ನಿಯಮ. ಸ್ವಂತಿಕೆಯನ್ನು ಹುಡುಕಬೇಕಾದದ್ದು ಅಲ್ಲಿಯೇ.

ಜಗಲಿಯ ಕಲ್ಲಿನ ಮೇಲೆ ಗೆರೆ ಎಳೆದು ನಮ್ಮ ಹಿರಿಯರು ಆಡುತ್ತಿದ್ದ ಹುಲಿ-ಕುರಿಯೂ ಉಳಿವಿನ ಆಟವೇ ತಾನೆ? 3 ಹುಲಿ, ಸಾಮಾನ್ಯವಾಗಿ 15 ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಕುರಿ ಸತ್ತಿತು. ಆ ಮನೆಯಲ್ಲಿ ಇನ್ನೊಂದು ಕುರಿಯಿದ್ದರೆ ಹಾರುವಂತಿಲ್ಲ. ಕುರಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಹುಲಿಗಳು ಅಲುಗದಂತೆ ಕಟ್ಟಿಹಾಕಿದರೆ ಅದು ಗೆದ್ದಂತೆ.

ಇದನ್ನೇ 18 ಜನರ ಆನ್‌ಲೈನ್ ಆಟವಾಗಿಸಿದರೆ ಹೇಗೆ? ನೆಲ ಸೀತಾಬರ್ಡಿಯದೇ ಇರಲಿ: ಕೋಟೆಯ ಗುಡ್ಡ, ಬುಡದ ಪೇಟೆ, ಅಂಗಡಿಗಳ ನಡುವಿನ ಓಣಿಗಳು. ಮೂವರು ಬೇಟೆಗಾರರು, 15 ಮಂದಿ ನಿರಾಯುಧರು. ಬೆನ್ನ ಹಿಂದೆಯೇ ಜೊತೆಗಾರ ನಿಂತಿದ್ದರೆ ಪೆಟ್ಟು ತಾಗದು. ಓಣಿಯ ಎರಡೂ ಬಾಯಿ ಮುಚ್ಚಿದರೆ ಬೇಟೆಗಾರ ಸೆರೆ. ಮುಂದಿನ ಸುತ್ತಿನಲ್ಲಿ ಪಾತ್ರಗಳು ಅದಲುಬದಲು. ಒಬ್ಬ ಕೊಲೆಗಾರ ನಾಲ್ವರನ್ನು ಬೆನ್ನಟ್ಟುವ ‘ಡೆಡ್ ಬೈ ಡೇಲೈಟ್’ 2016ರಲ್ಲೇ ಬಂದಿದೆ, ನಿಜ. ಆದರೆ ಅಲ್ಲಿ ಬದುಕುವುದೆಂದರೆ ಬಾಗಿಲು ತೆರೆದು ಪರಾರಿಯಾಗುವುದು.

ಸೀತಾಬರ್ಡಿ ಎಂದೊಡನೆ 1817ರ ನವೆಂಬರ್ 26–27ರ ಕದನವನ್ನೇ ಆಟವಾಗಿಸಬಾರದೇಕೆ ಎಂದು ಕೆಲವರು ಕೇಳಿಯಾರು. ಗುಡ್ಡದ ಮೇಲೆ ಕಂಪನಿಯ ಸಣ್ಣ ಪಡೆ, ಎದುರಿಗೆ ಅಪ್ಪಾಸಾಹೇಬ ಭೋಂಸಲೆಯ ದೊಡ್ಡ ಸೈನ್ಯ, ಗೆದ್ದವರು ಗುಡ್ಡದವರು. ಆದರೆ ಅಲ್ಲಿದ್ದ ಪದಾತಿಗಳು ಹೆಚ್ಚಾಗಿ ಮದ್ರಾಸ್ ಸೇನೆಯ ಸಿಪಾಯಿಗಳು, ನಮ್ಮಂತೆ ಸಂಬಳಕ್ಕಾಗಿ ದಕ್ಷಿಣದಿಂದ ಬಂದವರು. ಹುಲಿ ಯಾರು, ಕುರಿ ಯಾರು? ನನಗಂತೂ ಹೇಳಲಾಗದು.

ನಿಜವಾದ ತೊಡಕು ಬೇರೆ. ಮೂಲ ಆಟದಲ್ಲಿ ಕುರಿಗಳು ಒಂದೊಂದಾಗಿಯೇ ಇಳಿಯುತ್ತವೆ. ಮೊದಲು ಇಳಿದದ್ದಕ್ಕೆ ಬೆನ್ನು ಕಾಯುವವರಿಲ್ಲ. ಅಪರಿಚಿತರ ನಡುವೆ ಮೊದಲಿಗನಾಗಲು ಯಾರು ಒಪ್ಪುತ್ತಾರೆ? ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಗೆದ್ದರೆ ಸತ್ತವನಿಗೂ ಸಮಪಾಲು ಸಲ್ಲಬೇಕು. ಹದಿನಾಲ್ಕರ ನನ್ನ ಸೋದರಳಿಯ ಇದಕ್ಕೂ ಒಪ್ಪಲಿಲ್ಲ: “ಮಾಮ, ಮೊದಲೇ ಸತ್ತವನು ಆಟ ಮುಗಿಯುವ ತನಕ ಏನು ಮಾಡಬೇಕು?” ಸತ್ತವನನ್ನು ಕೋಟೆಯ ಗುಡ್ಡದ ಮೇಲೆ ಕೂರಿಸೋಣ ಎಂದೆ. ಅಲ್ಲಿಂದ ಅವನಿಗೆ ಮೂರೂ ಹುಲಿಗಳು ಕಾಣುತ್ತಿರುತ್ತವೆ. ಯಾವ ಓಣಿಗೆ ಬರುತ್ತಿವೆ ಎಂದು ಕೆಳಗಿನವರಿಗೆ ಕೂಗಿ ಹೇಳಬಹುದು.