ಹಾರುವ ಮುನ್ನ ಒಂದು ಲೆಕ್ಕ

ಕಳೆದ ತಿಂಗಳು ಹತ್ತನೇ ತರಗತಿಯ ಹುಡುಗನೊಬ್ಬನನ್ನು ಕರೆದುಕೊಂಡು ಅವನ ತಂದೆ ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಬೆಟ್ಟದಿಂದ ಹಾರ್ತಾನಂತೆ!" ಎಂದರು. ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿರುವ ಮೊಂಟೆ ಬಾಲ್ಡೊ ಪರ್ವತ. ಒಬ್ಬಾತ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿದ. ಬಣ್ಣದ ಬಟ್ಟೆಯ ರೆಕ್ಕೆ ಅವನನ್ನೆತ್ತಿಕೊಂಡು ನೀರಿನ ಕಡೆಗೆ ತೇಲಿತು. ಇದೇ ಪ್ಯಾರಾಗ್ಲೈಡಿಂಗ್.

"ಧೈರ್ಯ ಒಂದಿದ್ದರೆ ಸಾಕಲ್ವಾ ಸಾರ್?" ಎಂದ ಹುಡುಗ. ನಾನು ಕಾಗದ, ಪೆನ್ಸಿಲು ತರಿಸಿದೆ.

ಸರೋವರದ ನೀರು ಸಮುದ್ರಮಟ್ಟದಿಂದ ಸುಮಾರು 65 ಮೀಟರ್ ಎತ್ತರದಲ್ಲಿದೆ. ದಂಡೆಯ ಮಾಲ್ಚೆಸಿನೆ ಊರಿನಿಂದ ರೋಪ್‌ವೇ ಹತ್ತಿದರೆ ಸುಮಾರು 1,760 ಮೀಟರ್ ಎತ್ತರದ ಬೆಟ್ಟದ ಏಣು ತಲುಪಬಹುದು. ವ್ಯತ್ಯಾಸ ಹೆಚ್ಚುಕಡಿಮೆ 1,700 ಮೀಟರ್. ಈ ರೆಕ್ಕೆಗೆ ಕಡ್ಡಿಯ ಚೌಕಟ್ಟಾಗಲಿ, ಎಂಜಿನ್ ಆಗಲಿ ಇಲ್ಲ. ಮುಂಭಾಗದ ಬಾಯಿಗಳಿಂದ ಗಾಳಿ ಒಳನುಗ್ಗಿ ಅದಕ್ಕೆ ರೆಕ್ಕೆಯ ಆಕಾರ ಬರುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಅದು ಸುಮಾರು 8 ಮೀಟರ್ ಮುಂದೆ ಸಾಗುತ್ತದೆ. ಗಾಳಿ ನಿಶ್ಚಲವಾಗಿದ್ದರೆ 1,700ನ್ನು 8ರಿಂದ ಗುಣಿಸಿ: ಹದಿಮೂರೂವರೆ ಕಿಲೋಮೀಟರ್! ಆದರೆ ಅಲ್ಲಿ ಗಾಳಿ ನಿಶ್ಚಲವಾಗಿರುವುದು ಅಪರೂಪ.

ಮೊದಲು ನೆಲ ಬಿಡುವ ಲೆಕ್ಕ. ಮೇಲೇಳಲು ರೆಕ್ಕೆಯ ಮೇಲೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಗಾಳಿ ಹರಿಯಬೇಕೆಂದಿಟ್ಟುಕೊಳ್ಳಿ. ಎದುರುಗಾಳಿ 15 ಇದ್ದರೆ ನೀವು ಓಡಬೇಕಾದ್ದು 10 ಮಾತ್ರ. ಬೆನ್ನಹಿಂದಿನಿಂದ 10ರ ವೇಗದಲ್ಲಿ ಬೀಸಿದರೆ? 35 ಕಿ.ಮೀ. ವೇಗದಲ್ಲಿ ಓಡಬೇಕು! ನೂರು ಮೀಟರನ್ನು ಹತ್ತು ಸೆಕೆಂಡಿನಲ್ಲಿ ಓಡುವವನ ವೇಗ 36. ಸರಂಜಾಮು ಹೊತ್ತು, ಕಲ್ಲುಹುಲ್ಲಿನ ಇಳಿಜಾರಿನಲ್ಲಿ ಅದು ಯಾರಿಂದ ಸಾಧ್ಯ?

ಇನ್ನು ಸರೋವರದ ಗಾಳಿ. ಬೆಳಗಿನ ಹೊತ್ತು ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿನವರು 'ಪೆಲೆರ್' ಎನ್ನುತ್ತಾರೆ. ಮಧ್ಯಾಹ್ನದ ಮೇಲೆ ದಕ್ಷಿಣದಿಂದ 'ಓರಾ' ಏಳುತ್ತದೆ. ರಾತ್ರಿ ತಣಿದ ಗಾಳಿ ಭಾರವಾಗಿ ಉತ್ತರದ ಪರ್ವತಗಳಿಂದ ಕೆಳಗೆ ಹರಿಯುತ್ತದೆ. ಹಗಲು ಆ ಪರ್ವತಗಳು ಕಾದು ಗಾಳಿ ಮೇಲೇರಿದಾಗ ದಕ್ಷಿಣದ ಗಾಳಿ ಆ ಕಡೆ ನುಗ್ಗುತ್ತದೆ. ನಮ್ಮ ಕಾರವಾರ, ಮಂಗಳೂರಿನವರು ದಿನವೂ ಕಾಣುವ ಕಡಲಗಾಳಿ, ನೆಲಗಾಳಿಗಳ ದಾಯಾದಿಗಳಿವು.

ಮೇಲೆ ಹಿತವಾದ ಗಾಳಿಯಿದ್ದರೂ ಕೆಳಗೆ ಓರಾ ಜೋರಾಗಿರಬಹುದು. ಪ್ಯಾರಾಗ್ಲೈಡರ್‌ನ ಸಾಮಾನ್ಯ ವೇಗ ಗಂಟೆಗೆ ಸುಮಾರು 36 ಕಿ.ಮೀ. ಎದುರುಗಾಳಿಯೂ 36 ಆದರೆ ಇದ್ದಲ್ಲೇ ನಿಲ್ಲುತ್ತದೆ. 40 ಆದರೆ ಹಿಂದಕ್ಕೆ ಸರಿಯುತ್ತದೆ! ಒಂದು ಕಡೆ ಮನೆ, ಮರ, ತಂತಿ. ಇನ್ನೊಂದು ಕಡೆ ನೀರು. ನೀರಿಗೆ ಬಿದ್ದರೆ ನೆನೆದ ಬಟ್ಟೆ, ಕಾಲಿಗೆ ಸುತ್ತುವ ದಾರಗಳು ಈಜು ಬಲ್ಲವನನ್ನೂ ಕಟ್ಟಿಹಾಕುತ್ತವೆ. ಹೀಗಾಗಿ ಇಳಿಯುವ ಜಾಗದ ಗಾಳಿಯನ್ನು ಹಾರುವ ಮೊದಲೇ ತಿಳಿದಿರಬೇಕು.

"ಗಾಳಿ ಸರಿಯಿಲ್ಲದಿದ್ದರೆ ಏನು ಮಾಡೋದು ಸಾರ್?" ಹುಡುಗನ ದನಿ ಈಗ ತಗ್ಗಿತ್ತು.

"ರೆಕ್ಕೆ ಮಡಿಚಿ ಚೀಲಕ್ಕೆ ತುಂಬಿ, ಹತ್ತಿದ ರೋಪ್‌ವೇಯಲ್ಲೇ ಇಳಿಯೋದು."

"ಅಷ್ಟೆಲ್ಲ ಖರ್ಚು ಮಾಡಿ ಹೋಗಿ, ನಾಲ್ಕು ಜನರ ಎದುರು ಹಾಗೇ ವಾಪಸ್ ಬರೋದೇ?" ಎಂದುಬಿಟ್ಟರು ತಂದೆ! ಮಗ ನಕ್ಕ. ಕ್ಷಣ ಬಿಟ್ಟು ಅವರೂ ನಕ್ಕರು.

ತಂದೆತಾಯಂದಿರೇ, ನಾಲ್ಕು ಜನರ ಈ ಮಾತಿಗೆ ಅಂಜಿಯೇ ಹಾರಬಾರದ ಹೊತ್ತಿನಲ್ಲಿ ಹಾರುವವರಿದ್ದಾರೆ. ಮಕ್ಕಳ ಆಸೆಗೆ ಬೇಡವೆಂದು ಬಾಗಿಲು ಹಾಕಬೇಡಿ. ವಯಸ್ಸಾಗಲಿ, ಒಳ್ಳೆಯ ಶಿಕ್ಷಕರ ಬಳಿ ಸಣ್ಣ ದಿಬ್ಬದಿಂದ ಕಲಿಯಲಿ. ಆದರೆ ಇಂದು ಬೇಡವೆಂದು ವಾಪಸ್ ಬಂದವನ ಬೆನ್ನು ತಟ್ಟುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ವಿದ್ಯಾರ್ಥಿಗಳೇ, ತಾರಸಿಯ ಮೇಲೆ ಕೋಲು ನೆಟ್ಟು ಒಂದು ಗೇಣು ನೂಲು ಕಟ್ಟಿ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಐದಕ್ಕೆ ಗಾಳಿಯ ದಿಕ್ಕನ್ನು ಒಂದು ತಿಂಗಳು ಬರೆದಿಡಿ. ಆ ಹುಡುಗ ಬರೆಯುತ್ತಿದ್ದಾನೆ. ಅವನು ಶಾಲೆಯಲ್ಲಿರುವಾಗ ಮಧ್ಯಾಹ್ನದ ಲೆಕ್ಕ ಬರೆಯುವವರು ಅವನ ತಂದೆಯಂತೆ!