ಗಂಟುಗಳಲ್ಲಿ ಕಾವಲುಗಾರರೇ ತಿರುಗಿಬಿದ್ದಾಗ

ಸಹೋದರಿಯರೇ, ಶಿಕಾರಿಪುರ, ಸೊರಬದ ಕಡೆ ಗದ್ದೆ ನಾಟಿ ಮಾಡಿ ಬಂದವರಿಗೆ ಸೊಂಟ, ಮಂಡಿ ನೋಯುವುದು ಸಾಮಾನ್ಯ. ವಿಶ್ರಾಂತಿ ಪಡೆದರೆ ಆ ನೋವು ಇಳಿಯುತ್ತದೆ. ಆದರೆ ಬೆಳಗ್ಗೆ ಎದ್ದಾಗ ಒಂದು ತಾಸಾದರೂ ಬೆರಳುಗಳ ಬಿಗಿತ ಸಡಿಲವಾಗದೆ, ರೊಟ್ಟಿ ತಟ್ಟಲು, ಮಗುವಿನ ಅಂಗಿಯ ಗುಂಡಿ ಹಾಕಲು ಆಗದಿದ್ದರೆ? ಎರಡೂ ಕೈಗಳ ಗಂಟುಗಳು ಊದಿ ವಾರಗಟ್ಟಲೆ ಹಾಗೆಯೇ ಇದ್ದರೆ? ಅದನ್ನು ‘ವಾಯು’ ಎಂದು ಸುಮ್ಮನಿರಬೇಡಿ. ಅದು ರುಮಟಾಯ್ಡ್ ಸಂಧಿವಾತ ಆಗಿರಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು 2-3 ಪಟ್ಟು ಹೆಚ್ಚು. ಮುದುಕಿಯರಿಗಷ್ಟೇ ಅಲ್ಲ, ಎಳೆಯ ತಾಯಂದಿರಿಗೂ ಬರುತ್ತದೆ.

ರೋಗಾಣುಗಳನ್ನು ಕೊಲ್ಲಬೇಕಾದ ಬಿಳಿ ರಕ್ತಕಣಗಳು ಇಲ್ಲಿ ನಮ್ಮ ಗಂಟಿನ ಒಳಪದರವನ್ನೇ ಶತ್ರುವೆಂದು ತಿಳಿಯುತ್ತವೆ. ‘ಟಿ’ ಕಣಗಳು ಉಳಿದವುಗಳನ್ನು ಕೆರಳಿಸುತ್ತವೆ. ‘ಬಿ’ ಕಣಗಳು ನಮ್ಮ ದೇಹದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ಮ್ಯಾಕ್ರೋಫೇಜ್‌ಗಳು ‘ಟಿಎನ್‌ಎಫ್’ ಎಂಬ ರಾಸಾಯನಿಕ ಸುರಿಸುತ್ತವೆ. ಪದರ ದಪ್ಪಗಾಗಿ, ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಒಮ್ಮೆ ಸವೆದ ಎಲುಬು ಮೊದಲಿನಂತಾಗದು. ಆದ್ದರಿಂದ ಆರಂಭದ ಕೆಲವು ತಿಂಗಳುಗಳೇ ಅಮೂಲ್ಯ.

ಎಲ್ಲ ಗಂಟುನೋವೂ ಇದೇ ಅಲ್ಲ. ನೆರೆಯ ಸಾಗರ ತಾಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ರೋಗ ವಂಶಪಾರಂಪರ್ಯವಾಗಿ ಬರುವ ಎಲುಬಿನ ದೋಷ. 2006ರಲ್ಲಿ ರಾಜ್ಯವನ್ನೇ ಕಾಡಿದ ಚಿಕೂನ್‌ಗುನ್ಯ ಸೊಳ್ಳೆ ಹರಡುವ ವೈರಸ್‌ನಿಂದ ಬಂದದ್ದು; ಜ್ವರ ಬಿಟ್ಟರೂ ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯಿತು. ಯಾವುದೆಂದು ತಿಳಿಯಲು ವೈದ್ಯರ ಪರೀಕ್ಷೆ, ರಕ್ತ ಪರೀಕ್ಷೆ ಬೇಕು.

ಹೆಸರಿಲ್ಲದ ಪೊಟ್ಟಣದ ಪುಡಿ, ಮಾತ್ರೆಗಳನ್ನು ನಂಬಬೇಡಿ. ಅವುಗಳಲ್ಲಿ ಸ್ಟೆರಾಯ್ಡ್ ಇರಬಹುದು. ಎರಡೇ ದಿನಕ್ಕೆ ನೋವು ಮಾಯ, ಆದರೆ ಕ್ರಮೇಣ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ಹತ್ತುತ್ತದೆ. ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಕೆರಳಿದ ಕಣಗಳನ್ನು ತಣಿಸುತ್ತದೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ನೆನಪಿಡಿ, ಇದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಗರ್ಭಿಣಿಯರು ಇದನ್ನು ಸೇವಿಸಬಾರದು. ಮಗು ಬೇಕೆಂದಿರುವವರು ತಿಂಗಳುಗಳ ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ಮನೆಯ ಗಂಡಸರಿಗೂ ಒಂದು ಮಾತು: ಬೆಳಗ್ಗೆ ಅವಳ ಕೈ ನಿಧಾನವಾದರೆ ಅದು ಸೋಮಾರಿತನವಲ್ಲ. ನೀರಿನ ಕೊಡವನ್ನು ನೀವೇ ಎತ್ತಿ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.