ಪಾರ್ಕಿನ ಸಿಮೆಂಟ್ ಬಂಡೆ: ಕಟ್ಟೋಕೆ ದುಡ್ಡಿದೆ, ನೋಡ್ಕೊಳ್ಳೋರು ಯಾರು?

ಪಾರ್ಕು, ಸರ್ಕಲ್‌ಗಳಲ್ಲಿ ಈಗ ಸಿಮೆಂಟ್ ಬಂಡೆ, ಸಿಮೆಂಟ್ ಜಲಪಾತಗಳದ್ದೇ ಕಾರುಬಾರು. ಉದ್ಘಾಟನೆ ದಿನ ಥೇಟ್ ಕಲ್ಲು. ಕೆಲಸ ಕಳಪೆಯಾಗಿದ್ದರೆ ಕೆಲವೇ ಮಳೆಗಾಲದಲ್ಲಿ ಬಿರುಕು ಬಿಟ್ಟು ಒಳಗಿನ ತಂತಿ ಹೊರಗೆ ಇಣುಕುತ್ತೆ. ಮಕ್ಕಳು ಹತ್ತಿ ಆಡೋದೂ ಅದರ ಮೇಲೇನೇ.

ಕಾರಣ ಸರಳ. ಈ ಬಂಡೆ ಒಳಗೆ ಟೊಳ್ಳು. ಕಬ್ಬಿಣದ ಸರಳು ಬಗ್ಗಿಸಿ, ಮೆಶ್ ಕಟ್ಟಿ, ಸಿಮೆಂಟ್ ಗಾರೆ ಮೆತ್ತಿ, ಹಸಿ ಇರುವಾಗಲೇ ಕಲ್ಲಿನ ಗೆರೆ ಕೊರೀತಾರೆ, ಆಮೇಲೆ ಬಣ್ಣ. ಗಾರೆ ತೆಳುವಾದರೆ ನೀರು ಒಳಗೆ ಇಳಿಯುತ್ತೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಸಿಮೆಂಟನ್ನೇ ಸೀಳುತ್ತೆ. ಕನಿಷ್ಠ 7 ದಿನ ಕ್ಯೂರಿಂಗ್ ಆಗಬೇಕು. ಉದ್ಘಾಟನೆ ಅವಸರವಿದ್ದರೆ ಅದಕ್ಕೇ ಮೊದಲು ಕತ್ತರಿ.

ಹಾಗಂತ ಸಿಮೆಂಟ್ ಕೆಲಸವೇ ಕೆಟ್ಟದ್ದಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ ನೋಡೋಕೆ ಜನ ಟಿಕೆಟ್ ತಗೊಂಡು ಹೋಗ್ತಾರೆ. ಊರ ಪಾರ್ಕಿಗೆ ಟಿಕೆಟ್ ಇಲ್ಲ. ರಿಪೇರಿ ದುಡ್ಡು ನಮ್ಮ ಮನೆ ಕಂದಾಯ, ಅಂಗಡಿ ಲೈಸೆನ್ಸ್ ಫೀಯಿಂದಲೇ ಹೋಗಬೇಕು.

ಹಾಗಾಗಿ ಗುದ್ದಲಿ ಪೂಜೆ ದಿನವೇ ವಾರ್ಡ್ ಸದಸ್ಯರನ್ನು ಕೇಳಿ: ಗಾರೆ ಎಷ್ಟು ದಪ್ಪ? ಎಷ್ಟು ದಿನ ನೀರು ಹಾಕ್ತಾರೆ? ಬಿರುಕು ಬಿಟ್ಟರೆ ಗುತ್ತಿಗೆದಾರರು ಎಷ್ಟು ವರ್ಷ ರಿಪೇರಿ ಮಾಡಿಕೊಡ್ತಾರೆ? ಇದು ಟೆಂಡರ್ ಕಾಗದದಲ್ಲಿ ಇಲ್ಲ ಅಂದ್ರೆ, ಖರ್ಚು ನಮ್ಮ ತಲೆ ಮೇಲೆ.